ಹತ್ತಿಂಚಿನ ಕಳವು

ಏಪ್ರಿಲ್ ಹತ್ತಕ್ಕೆ ಕಾಲುವೆಯ ನೀರು ಬಂದ್ ಆಯಿತು. ಅಂಬ್ರಪ್ಪನಿಗೆ ಅಳೆಯಲು ಏನೂ ಉಳಿಯಲಿಲ್ಲ. ಒಂದು ಮನೆ ಕೆಡಲು ಇಷ್ಟು ಸಾಕಾಯಿತು.

ಅಂಬ್ರಪ್ಪ ಗೇಜಿನವ. ದೇವಾಪುರದ ಆಚೆ ಹರಿಯುವ ಮರಿಗಾಲುವೆಯ ಮೇಲೆ, ತೂಬಿಗೊಂದರಂತೆ ಗೋಡೆಗೆ ಕಪ್ಪು ಬಿಳಿ ಪಟ್ಟಿ ಬರೆದಿರುತ್ತಾರಲ್ಲ, ಅದನ್ನು ದಿನಕ್ಕೆ ಮೂರು ಸಲ ಓದುವುದು, ನೀರು ಎಷ್ಟು ಇಂಚು ನಿಂತಿದೆ ಎಂದು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ದಿನಗೂಲಿ. ಆರು ವರ್ಷದಿಂದಲೂ ದಿನಗೂಲಿ. ಅವನು ಬರೆದ ನಂಬರನ್ನು ಓದುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಮೇಲಿನ ಹೊಲದ ಶಾಂತಪ್ಪಗೌಡ ತೂಬಿನ ಬಾಗಿಲಾದ ಷಟರಿನ ಕೆಳಗೆ ಕಲ್ಲು ಸಿಕ್ಕಿಸಿ ತನ್ನ ಪಾಳಿ ಮುಗಿದ ಮೇಲೂ ನೀರು ಎಳೆದುಕೊಳ್ಳುತ್ತಿದ್ದ. "ಗೌಡ್ರ, ನಿಮ್ಮ ಪಾಳಿ ಮುಗದೈತ್ರಿ, ಗೇಜು ನೋಡ್ರಿ" ಎಂದರೆ, "ನಿನ್ನ ಗೇಜು ನಿನ್ನ ಬೆನ್ನ ಮ್ಯಾಲ ಬರಕೊಂಡು ತಿರುಗಲೇ" ಎಂಬ ಉತ್ತರ ಬರುತ್ತಿತ್ತು. ಕಾಲುವೆ ಬಂದು ನಾಡು ಹಸಿರಾಯಿತು ಎಂದು ಭಾಷಣ ಮಾಡುವವರು ಒಮ್ಮೆ ಕೊನೆಯ ತೂಬಿನ ತನಕ ನಡೆದು ಬರಬೇಕು. ಬರುವುದಿಲ್ಲ. ಬಿಸಿಲು ಇರುತ್ತದೆ.

ಹೀಗೆ ಹೊರಗೆ ಎಲ್ಲಿಯೂ ನಡೆಯದ ನಂಬರು ಅಂಬ್ರಪ್ಪನ ಹೊಟ್ಟೆಯೊಳಗೆ ಕೂತು ಕುದಿಯುತ್ತಿತ್ತು. ಕಾಲುವೆ ಬಂದ್ ಆದ ಮೂರನೇ ದಿನ ಅದು ಅಂಗಳಕ್ಕೆ ಇಳಿಯಿತು.

ಅಂಗಳ ಒಂದೇ, ಮನೆ ಎರಡು. ಬಲಕ್ಕೆ ಅಣ್ಣ ತಾಯಪ್ಪ, ಅವನ ಹೆಂಡತಿ ಸುಂದ್ರಮ್ಮ. ಎಡಕ್ಕೆ ಅಂಬ್ರಪ್ಪ, ಅವನ ಹೆಂಡತಿ ಬಾಲಮ್ಮ. ನಡುವೆ ಎರಡು ಎಮ್ಮೆ, ಒಂದು ಆಕಳು, ಮತ್ತು ಆ ಚಳಿಗಾಲದಲ್ಲಷ್ಟೇ ಕಟ್ಟಿಸಿದ್ದ ಗೋಬರ್ ಗ್ಯಾಸು. ಆಳವಾದ ಗುಂಡಿ, ಗುಂಡಿಯ ತುಂಬ ಸಗಣಿ ರಾಡಿ, ರಾಡಿಯ ಮೇಲೆ ಬೋರಲು ಕೂತ ಕಬ್ಬಿಣದ ದೊಡ್ಡ ಡ್ರಮ್ಮು. ಸಗಣಿ ಕೊಳೆತು ಒಳಗೆ ಗಾಳಿ ಹುಟ್ಟಿದಂತೆ ಡ್ರಮ್ಮು ಮೇಲೇಳುತ್ತದೆ. ಒಲೆ ಹಚ್ಚಿದರೆ ಕೆಳಗಿಳಿಯುತ್ತದೆ. ಡ್ರಮ್ಮಿನಿಂದ ಹೊರಟ ಪೈಪು ಕವಲೊಡೆದು ಎರಡೂ ಅಡುಗೆಮನೆಗೆ ಹೋಗಿತ್ತು. ಗ್ಯಾಸು ಬಿಡಲು, ತಡೆಯಲು ಡ್ರಮ್ಮಿನ ಹತ್ತಿರ ಒಂದು ಮೂಲ ವಾಲು, ಒಂದೊಂದು ಒಲೆಗೆ ಒಂದೊಂದು ವಾಲು.

ಆ ಗ್ಯಾಸು ಬಂದದ್ದು ಸುಂದ್ರಮ್ಮನ ಕಣ್ಣಿಗಾಗಿ. ತಾಯಿ ಸತ್ತಾಗ ಅಂಬ್ರಪ್ಪ ಆರು ವರ್ಷದ ಹುಡುಗ. ಹೊಸದಾಗಿ ಮದುವೆಯಾಗಿ ಬಂದ ಸುಂದ್ರಮ್ಮ ತನ್ನ ಮೈಮೇಲಿನ ಅರಿಶಿಣ ಆರುವ ಮೊದಲೇ ಅವನ ಮೂಗು ಒರೆಸಲು ನಿಂತಳು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಊದಿ ಊದಿ ಇಪ್ಪತ್ತು ವರ್ಷದಲ್ಲಿ ಅವಳ ಕಣ್ಣು ಹಣ್ಣು ಮೆಣಸಿನಕಾಯಿ ಆದವು. ಸುರಪುರದ ಡಾಕ್ಟರು, "ಇನ್ನೆರಡು ವರ್ಷ ಹೊಗೆ ಕುಡಿದರೆ ರೊಟ್ಟಿ ಬಡಿಯೂದು ಕೈಗೆ ಗೊತ್ತಿರತೈತಿ, ಕಣ್ಣಿಗಿ ಗೊತ್ತಿರಂಗಿಲ್ಲ ನೋಡವ್ವ" ಎಂದಿದ್ದರು. ಆ ಮಾತು ಕೇಳಿ ಬಂದ ಅಂಬ್ರಪ್ಪ ಗ್ಯಾಸಿನ ಅರ್ಜಿ ಹಿಡಿದು ಒಂಬತ್ತು ಸಲ ಶಹಾಪುರಕ್ಕೆ ಅಲೆದ. ಗುಂಡಿಯನ್ನು ಅಣ್ಣ ತಮ್ಮ ಇಬ್ಬರೇ ತೋಡಿದರು. ಮೊದಲ ಸಲ ನೀಲಿ ಉರಿ ಹತ್ತಿದಾಗ ಸುಂದ್ರಮ್ಮ ಅದನ್ನು ನೋಡುತ್ತ ಬಹಳ ಹೊತ್ತು ಕೂತು, "ಹೊಗಿ ಎಲ್ಲಿ ಹೋತೋ ಅಂಬ್ರ್ಯಾ?" ಎಂದು ಕೇಳಿದ್ದಳು. ಆ ದಿನ ಅಂಬ್ರಪ್ಪನ ಎದೆ ಡ್ರಮ್ಮಿಗಿಂತ ಎತ್ತರ ಏರಿತ್ತು.

ಈಗ ಅದೇ ಅಂಬ್ರಪ್ಪ, ಕೆಲಸವಿಲ್ಲದ ಅಂಬ್ರಪ್ಪ, ಕಾಲುವೆಗೆ ಬಳಿದು ಉಳಿದಿದ್ದ ಬಿಳಿ ಬಣ್ಣದ ಡಬ್ಬಿ ತಂದು ಟಾರು ಬಳಿದ ಆ ಕರಿ ಡ್ರಮ್ಮಿನ ಮೈಮೇಲೆ ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ನಲವತ್ತರ ತನಕ ಇಂಚು ಬರೆದ. ಗುಂಡಿಯ ಕಟ್ಟೆಗೆ ಸರಿಯಾಗಿ ಬಂದ ನಂಬರೇ ಆ ಹೊತ್ತಿನ ಅಳತೆ.

"ಏನ್ರಿ ಇದು?" ಎಂದಳು ಬಾಲಮ್ಮ. ಅವಳಿಗೆ ಐದು ತಿಂಗಳು. ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಗೇಜು. ಇನ್ ಮ್ಯಾಲ ಯಾರು ಎಷ್ಟು ಸುಟ್ಟರು ಪಕ್ಕಾ ಗೊತ್ತಾಕೈತಿ."

"ಇಷ್ಟು ದಿನ ಗೊತ್ತಾಗದ ಯಾರು ಉಪವಾಸ ಇದ್ರು?"

ಪಕ್ಕದ ಗೋಡೆಯ ಮೇಲಿಂದ ಮರಿಲಿಂಗಮ್ಮನ ತಲೆ ಎದ್ದಿತು. ಕೇರಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಎಷ್ಟು ಬಿತ್ತು ಎನ್ನುವುದು ಆ ತಲೆಗೆ ತಿಳಿದಿರುತ್ತದೆ. "ಬಿಡು ಬಾಲಮ್ಮ, ಎಮ್ಮಿ ಬಾಲಕ್ಕೊಂದು ಗೇಜು ಬರಸು. ಸಗಣಿ ಎಷ್ಟು ಹಾಕತೈತಿ ಅದೂ ತಿಳೀಲಿ."

ಅಂಬ್ರಪ್ಪ ನಗಲಿಲ್ಲ. ಅಳತೆ ಹಿಡಿದವನಿಗೆ ನಗು ಎಂದರೆ ನೀರು ಸೋರಿದಂತೆ.

ನಾಲ್ಕು ದಿನ ಓದಿದ. ಬೆಳಿಗ್ಗೆ ಎಂಟಕ್ಕೆ, ಎರಡೂ ಮನೆಯ ಅಡುಗೆ ಮುಗಿದಾಗ, ಇಪ್ಪತ್ತಾರು. ಸಂಜೆ ನಾಲ್ಕಕ್ಕೆ ಮೂವತ್ತೆರಡು. ಬಿಸಿಲಿರುವಾಗಲೇ ರಾತ್ರಿ ಊಟದ ಅಡುಗೆ ಮುಗಿಸುತ್ತಿದ್ದರು, ಆಗ ಮೂವತ್ತು. ಮರುದಿನ ಕೋಳಿ ಕೂಗಿದಾಗ ನೋಡಿದರೆ ಇಪ್ಪತ್ತೊಂಬತ್ತು.

ಇಪ್ಪತ್ತೊಂಬತ್ತು! ನಾಲ್ಕು ದಿನವೂ ಅದೇ.

ಅವನು ಎಮ್ಮೆಯ ಗೋದಲಿಯ ಮೇಲೆ ಕೂತು ಇದ್ದಿಲು ಹಿಡಿದು ಗೋಡೆಗೆ ಲೆಕ್ಕ ಬರೆದ. ಹಗಲು ಎಂಟು ತಾಸಿನಲ್ಲಿ ಡ್ರಮ್ಮು ಆರಿಂಚು ಏರುತ್ತದೆ. ಹಾಗಾದರೆ ರಾತ್ರಿ ಹನ್ನೆರಡು ತಾಸಿನಲ್ಲಿ ಒಂಬತ್ತು ಇಂಚು ಏರಬೇಕು. ಏರುವುದಿರಲಿ, ಒಂದಿಂಚು ಇಳಿಯುತ್ತಿದೆ. ಒಂಬತ್ತೂ ಒಂದೂ ಹತ್ತು. ದಿನಾ ರಾತ್ರಿ ಹತ್ತಿಂಚು ಗ್ಯಾಸು ಯಾರೋ ಸುಡುತ್ತಿದ್ದಾರೆ. ಸಗಣಿಗೆ ಹಗಲು ರಾತ್ರಿ ಗೊತ್ತಿಲ್ಲ. ಗೊತ್ತಿರುವುದು ಮನುಷ್ಯರಿಗೆ.

ಹೆಂಡತಿಗೆ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು, "ಎರಡೂ ಮನಿ ಸೇರಿ ದಿನಕ್ಕ ಸುಡೂದು ಎಷ್ಟು?"

"ಮುಂಜಾನಿ ಮೂರು, ಸಂಜಿಕಿ ಎರಡು. ಐದಿಂಚು."

"ಹಂಗಾದ್ರ ಒಂದ ರಾತ್ರ್ಯಾಗ ಎರಡು ದಿನದ ಅಡಗಿ ಮಾಡಿ ಉಣ್ಣೋ ಬಕಾಸುರ ಯಾವನ್ರಿ ನಮ್ಮನ್ಯಾಗ? ನಿಮ್ಮ ಅಣ್ಣನ ಪಕ್ಕಿ ಎಲುಬು ಎಣಿಸಬಹುದು, ಎಮ್ಮಿ ಬ್ಯಾರೆ ಹುಲ್ಲು ತಿಂತಾವ."

ಒಳ್ಳೆಯ ಪ್ರಶ್ನೆ. ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಗೇಜು ಸುಳ್ಳು ಹೇಳುವುದಿಲ್ಲ ಎಂದು ಆರು ವರ್ಷ ಗೌಡರ ಮುಂದೆ ವಾದಿಸಿದವನು ಅವನು. ಗೌಡರ ಮುಂದೆ ಸೋತದ್ದನ್ನು ಮನೆಯವರ ಮುಂದೆ ಸೋಲಲು ತಯಾರಿರಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಅದು ಸುಳ್ಳು. ಬಡವನ ಸಿಟ್ಟು ಅವನ ಮನೆಯ ಹೆಂಗಸರಿಗೆ ಮೂಲ.

ಐದನೇ ದಿನ ಬೆಳಿಗ್ಗೆ, ಎರಡೂ ಮನೆಯವರು ಅಂಗಳದಲ್ಲಿ ಚಹಾ ಕುಡಿಯುವಾಗ, ಅವನು ಡ್ರಮ್ಮಿನ ಪಕ್ಕ ನಿಂತು ಬಾಯಿ ಬಿಟ್ಟ.

"ರಾತ್ರಿ ಯಾರೋ ವಾಲು ತೆಗೀತಾರ. ದಿನಾ ಹತ್ತಿಂಚು ಹೋಗಾಕತ್ತೈತಿ."

ತಾಯಪ್ಪ ಮಾತು ಕಡಿಮೆಯ ಮನುಷ್ಯ. ಬಟ್ಟಲು ಕೆಳಗಿಟ್ಟ. "ಯಾರೋ ಅಂದ್ರ?"

"ಯಾರೋ ಅಂದ್ರ ಯಾರೋ. ನಾ ಹೆಸರು ಹೇಳಿಲ್ಲ."

"ಒಲಿ ವಾಲು ಇರೋದು ಎರಡು. ಒಂದು ನಿಂದು, ಒಂದು ನಂದು. ನಿಂದು ನೀ ತೆಗದಿಲ್ಲ. ಇನ್ನ ಹೆಸರು ಯಾಕ ಬೇಕಪ್ಪ?"

"ಅಣ್ಣ, ಗೇಜು ಹೇಳಾಕತ್ತೈತಿ, ನಾ ಅಲ್ಲ."

"ನಿನ್ನ ಗೇಜು ಹೊತ್ತು ಒಯ್ದು ಕಾಲುವಿಗಿ ಹಾಕು. ನಡುವ ಗ್ವಾಡಿ ಎಬ್ಬಿಸೂಣು. ಅರ್ಧ ಅಂಗಳ ನಿಂದು, ಅರ್ಧ ನಂದು. ಎಮ್ಮಿ ಒಂದು ನಿಂದು, ಒಂದು ನಂದು. ಮುಗೀತಲ್ಲ?"

ಇಪ್ಪತ್ತು ವರ್ಷದಲ್ಲಿ ತಾಯಪ್ಪ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಬಾಲಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅಂಬ್ರಪ್ಪ ಮಾತ್ರ ಗದ್ದ ಇಳಿಸಲಿಲ್ಲ.

ಆಗ ಸುಂದ್ರಮ್ಮ ಬಟ್ಟಲುಗಳನ್ನೆಲ್ಲ ಒಂದರೊಳಗೊಂದು ಜೋಡಿಸುತ್ತ, ಸಂತೆಯ ಸುದ್ದಿ ಹೇಳುವಂತೆ ಹೇಳಿದಳು.

"ಗ್ವಾಡಿ ಗೀಡಿ ಬ್ಯಾಡ. ನಾನ ತಗೊಂಡೀನಿ."

"ಏನು?" ಎಂದ ತಾಯಪ್ಪ.

"ಗ್ಯಾಸು. ರಾತ್ರಿ ಮೈಕೈ ನೋವಂತ ನೀರು ಕಾಸಕೋತಿದ್ದೆ. ಸಾಕಿನ್ನ. ನನ್ನ ವಾಲು ಬಂದ್ ಮಾಡ್ರಿ. ನಾ ಹಿತ್ತಲದಾಗ ಕಟ್ಟಿಗಿ ಹಚ್ಚಿ ಮಾಡಕೋತೀನಿ."

ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಗೋಡೆಯ ಮೇಲೆ ಮರಿಲಿಂಗಮ್ಮನ ತಲೆ ಇತ್ತು, ಈ ಸಲ ಅದು ಇಳಿದು ಸೀದಾ ಬಾವಿಯ ಕಡೆ ಹೋಯಿತು.

ಅಂಬ್ರಪ್ಪ ಗೆದ್ದಿದ್ದ. ಜೀವನದಲ್ಲಿ ಮೊದಲ ಸಲ ಅವನ ನಂಬರು ಗೆದ್ದಿತ್ತು. ಗೆದ್ದವನು ಡ್ರಮ್ಮಿನ ಕಡೆ ತಿರುಗಿ ಇನ್ನೊಮ್ಮೆ ಗೇಜು ಓದಿದ.

ಅಂದು ಮಧ್ಯಾಹ್ನದಿಂದಲೇ ಹಿತ್ತಲಿನಿಂದ ಹೊಗೆ ಎದ್ದಿತು. ಹತ್ತಿಕಟ್ಟಿಗೆಯ ಹೊಗೆ ಕರಿ ಮೋಡದಂತೆ ಸುರುಳಿ ಸುತ್ತಿ ಅಂಗಳಕ್ಕೆ ಬಂದು ಅಂಬ್ರಪ್ಪನನ್ನು ಹುಡುಕುತ್ತಿತ್ತು. ಜೊತೆಗೆ ಕೆಮ್ಮು. ಅವನು ಎಮ್ಮೆಗೆ ನೀರು ಕುಡಿಸಿದ, ಹಗ್ಗ ಹೊಸೆದ, ಹೊಸೆದದ್ದನ್ನೇ ಬಿಚ್ಚಿ ಮತ್ತೆ ಹೊಸೆದ. ಕೆಮ್ಮು ನಿಲ್ಲಲಿಲ್ಲ. ಬಾವಿಯ ಹತ್ತಿರ ಹೋದರೆ ಹೆಂಗಸರ ಮಾತು ಗಕ್ಕನೆ ನಿಂತಿತು. ಒಬ್ಬಳು ಮಾತ್ರ ಕೊಡ ಎತ್ತುತ್ತ ಕೊಡಕ್ಕೆ ಹೇಳಿದಳು, "ತುತ್ತು ಇಟ್ಟ ಕೈಗಿ ಅಳತಿಪಟ್ಟಿ ಹಿಡದಾರಂತ. ಕಲಿಗಾಲವ್ವ."

ಬಾಲಮ್ಮ ತನ್ನ ಒಲೆಯನ್ನೂ ಹಚ್ಚಲಿಲ್ಲ.

"ನೀ ಯಾಕ ಹಚ್ಚೂದಿಲ್ಲ? ನಿನಗ ಯಾರು ಬ್ಯಾಡ ಅಂದಾರ?"

"ಅಕ್ಕನ ಒಲಿ ಹೊಗಿ ಆಡುವಾಗ ನಾ ನೀಲಿ ಉರಿ ಹಚ್ಚಿಕೊಂಡು ಕೂಡಲೇನು? ನಿಮ್ಮ ಗ್ಯಾಸು ನೀವ ಉಣ್ರಿ."

ಅವಳೂ ಹಿತ್ತಲಿಗೆ ಹೋಗಿ ಸುಂದ್ರಮ್ಮನ ಪಕ್ಕ ಕೂತಳು. ಈಗ ಕೆಮ್ಮು ಎರಡಾಯಿತು, ಅದರಲ್ಲಿ ಒಂದು ಬಸುರಿಯದು.

ಒಲೆ ಯಾವುದೂ ಹತ್ತದ ಮೇಲೆ ಪೈಪಿಗೆ ಬೀಗ ಹಾಕುವುದೇ ಲೇಸು ಎಂದು ಅಂಬ್ರಪ್ಪ ಮೂಲ ವಾಲಿಗೆ ಸರಪಳಿ ಸುತ್ತಿ ಬೀಗ ಜಡಿದ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ಗೇಜಿನವನ ಬುದ್ಧಿ ಕೇಳಬೇಕಲ್ಲ, ಬೀಗ ಹಾಕಿದ ಗಳಿಗೆಯಲ್ಲೂ ಓದಿದ: ಮೂವತ್ಮೂರು. ಇನ್ನು ಕಳವು ನಿಂತಿತು. ಬೆಳಗಾಗುವುದರೊಳಗೆ ನಲವತ್ತಕ್ಕೆ ಮುಟ್ಟುತ್ತದೆ.

ಬೆಳಗಾಯಿತು. ಮೂವತ್ತೆರಡು.

ಅವನು ಕಣ್ಣು ಉಜ್ಜಿಕೊಂಡ. ಬೀಗ ಇತ್ತು. ಕೀಲಿಕೈ ಸೊಂಟದಲ್ಲೇ ಚುಚ್ಚುತ್ತಿತ್ತು. ಸಾಬೂನಿನ ನೊರೆ ಮಾಡಿ ಪೈಪಿನ ಕೀಲುಕೀಲಿಗೆ ಸವರಿದ. ಎಲ್ಲಿಯೂ ಒಂದು ಗುಳ್ಳೆ ಏಳಲಿಲ್ಲ. ಸೋರಿಕೆ ಇಲ್ಲ, ಕಳ್ಳರಿಲ್ಲ, ಆದರೂ ಒಂದಿಂಚು ಇಲ್ಲ.

ಆ ಹಗಲು ಅವನು ಅಲ್ಲಿಂದ ಏಳಲಿಲ್ಲ. ನೆತ್ತಿಗೆ ಟವೆಲು ಸುತ್ತಿಕೊಂಡು ಡ್ರಮ್ಮಿನ ಎದುರು ಕುಕ್ಕುರುಗಾಲಲ್ಲಿ ಕೂತ. ಹತ್ತು ಗಂಟೆಗೆ ಮೂವತ್ನಾಲ್ಕು. ಹನ್ನೆರಡಕ್ಕೆ ಮೂವತ್ತಾರೂವರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಕಾಗೆ ಕೂಡ ಬೇವಿನ ನೆರಳು ಬಿಟ್ಟು ಕದಲುವುದಿಲ್ಲ. ಡ್ರಮ್ಮನ್ನು ಮುಟ್ಟಿ ನೋಡಿ ಕೈ ಸುಟ್ಟುಕೊಂಡು ಬೆರಳು ಬಾಯಿಗಿಟ್ಟ. ಮೂರು ಗಂಟೆಗೆ ಮೂವತ್ತೊಂಬತ್ತು.

"ಕೂತ ಹಂಗ ಒಣಗಿ ಬೂಸಾ ಆಗೀರಿ, ಒಳಗ ಬರ್ರಿ" ಎಂದು ಬಾಲಮ್ಮ ನೀರಿನ ಚೊಂಬು ತಂದಳು. ಸಿಟ್ಟಿತ್ತು, ಆದರೂ ತಂದಿದ್ದಳು.

"ಬಾಲಿ, ಇಲ್ಲಿ ನೋಡು" ಎಂದ ಅವನು. ದನಿ ಸಣ್ಣಗಾಗಿತ್ತು. "ನಿನ್ನೆ ಸಂಜಿಕಿ ಕೀಲಿ ಹಾಕೀನಿ. ರಾತ್ರಿ ಇಳಿದೈತಿ, ಹಗಲು ಏರೈತಿ. ಕಳ್ಳ ರಾತ್ರಿ ಒಯ್ದ ಮಾಲು ಹಗಲ ಹೊತ್ತು ತಂದಿಟ್ಟು ಹೋಗತಾನೇನು? ಕೀಲಿ ಹಾಕಿದ ಮನಿಗಿ?"

ಬಾಲಮ್ಮ ಡ್ರಮ್ಮನ್ನು ನೋಡಿದಳು. ಅವನನ್ನು ನೋಡಿದಳು. ಚೊಂಬು ಅವನ ಕೈಗೆ ಕೊಟ್ಟು ಎಮ್ಮೆಯ ಗೋದಲಿಯ ಅಂಚಿಗೆ ಕೂತಳು. ಸೆರಗಿನಿಂದ ಬೆವರು ಒರೆಸಿಕೊಂಡಳು. ಆಮೇಲೆ ಕೇಳಿದಳು:

"ರೊಟ್ಟಿ ಉಬ್ಬೂದು ನೋಡೀರೇನು?"

"ಈಗ್ಯಾಕ ರೊಟ್ಟಿ ಮಾತು?"

"ನೋಡೀರೋ ಇಲ್ಲೋ? ದಿನಾ ಬುಟ್ಟಿಗಟ್ಲೆ ತಿಂತೀರಿ."

"ನೋಡೀನಿ."

"ಹಂಚಿನ ಮ್ಯಾಲ ಮೈ ಕಾದ ಕೂಡಲೇ ಬುರುಬುರು ಉಬ್ಬತೈತಿ. ತೆಗದು ಬುಟ್ಟ್ಯಾಗ ಹಾಕಿದ್ರ ಮೆತ್ತಗ ಕೂಡತೈತಿ. ಒಳಗಿಂದು ಯಾರು ಕದ್ರು? ನಾನೇನು ಊದಿದ್ನೇನು, ಅಕ್ಕ ಬಂದು ಚುಚ್ಚಿದ್ಲೇನು? ಅಷ್ಟ ಹಿಟ್ಟು, ಅಷ್ಟ ನೀರು. ಕಾದ್ರ ಜಾಗ ಜಾಸ್ತಿ ಬೇಡತೈತಿ, ಆರಿದ್ರ ಸುಮ್ಮನ ಕೂಡತೈತಿ. ನಿಮ್ಮ ಡ್ರಮ್ಮು ಬಿಸಲಾಗ ನಿಂತ ಕರಿ ಹಂಚು ಅಲ್ಲೇನು?"

ಅಂಬ್ರಪ್ಪ ಡ್ರಮ್ಮಿಗೆ ಸುಟ್ಟ ಬೆರಳನ್ನು ನೋಡಿಕೊಂಡ.

ಕಾಲುವೆಯ ನೀರನ್ನು ಮಧ್ಯಾಹ್ನ ಓದಿದರೂ ಹದಿನೆಂಟು ಇಂಚು, ಮಬ್ಬಿನಲ್ಲಿ ಓದಿದರೂ ಹದಿನೆಂಟು. ನೀರಿನ ಅಳತೆ ಕಲಿತ ಕೈಯಿಂದ ಗಾಳಿಯನ್ನು ಅಳೆದಿದ್ದ. ಗಾಳಿಗೆ ನೀರಿನ ಮರ್ಯಾದೆ ಇಲ್ಲ. ಎಷ್ಟು ವಸ್ತು ಇದೆ ಎನ್ನುವುದು ಒಂದು ಮಾತು, ಅದು ಎಷ್ಟು ಜಾಗ ಹಿಡಿಯುತ್ತದೆ ಎನ್ನುವುದು ಬೇರೆಯೇ ಮಾತು. ಈ ಎರಡನೇ ಮಾತು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಇದೆಯಂತೆ. ಅಂಬ್ರಪ್ಪ ಏಳನೇತ್ತೆಗೇ ಪಾಟಿ ಬಿಸಾಕಿ ಕಾಲುವೆಯ ಮಣ್ಣು ಹೊರಲು ಹೋದವನು. ಡ್ರಮ್ಮು ಕೂಡಿಸಿದವರು ಓದಿದವರೇ. ಸಹಿ ಎಲ್ಲಿ ಹಾಕಬೇಕು ಎಂದು ಮೂರು ಜಾಗ ತೋರಿಸಿದರು, ಇದೊಂದನ್ನು ಹೇಳಲಿಲ್ಲ. ಬಡವರ ಮನೆಗೆ ಸಾಮಾನು ಬರುತ್ತದೆ, ಸಾಮಾನಿನ ತಿಳಿವಳಿಕೆ ಬರುವುದಿಲ್ಲ, ಅದನ್ನು ಆಫೀಸಿನಲ್ಲೇ ಇಟ್ಟುಕೊಂಡಿರುತ್ತಾರೆ.

"ಹಂಗಾದ್ರ…" ಎಂದ.

"ಹಂಗಾದ್ರ ಗಿಂಗಾದ್ರ ಬ್ಯಾಡ. ತಟ್ಟಿನ ಚೀಲ ತೊಯ್ಸಿ ತರ್ರಿ."

ಅವನು ತಾನೊಬ್ಬನೇ ನೋಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅತ್ತಿಗೆಯನ್ನು, ತುತ್ತಿಟ್ಟ ವೈನಿಯನ್ನು, ಕಳ್ಳಿ ಮಾಡಿದ್ದು ಕೇರಿಯ ಕಿವಿಯ ಮುಂದೆ. ಅಂಗಳದ ನಡುವೆ ನಿಂತು ಕೂಗಿದ, "ಏ ಮರಿಲಿಂಗಮ್ಮಾಯಿ, ಗ್ವಾಡಿ ಮ್ಯಾಲಿಂದ ಇಳಿದು ಈ ಕಡಿ ಬಾ. ಬಾವಿ ಕಟ್ಟಿಯವ್ರನ್ನೂ ಕರಕೊಂಡು ಬಾ. ಅಣ್ಣ, ನೀನೂ ಬಾ ಹೊರಗ."

ಹತ್ತು ಹನ್ನೆರಡು ಮಂದಿ ಸೇರಿದರು. ತಾಯಪ್ಪ ಬಾಗಿಲಲ್ಲೇ ನಿಂತ, ಅಂಗಳಕ್ಕೆ ಕಾಲಿಡಲಿಲ್ಲ. ಹಿತ್ತಲಿನಿಂದ ಸುಂದ್ರಮ್ಮ ಬರಲೇ ಇಲ್ಲ. ಹೊಗೆ ಮಾತ್ರ ಬಂತು.

"ಎಷ್ಟೈತಿ ಓದ್ರಿ."

"ನಮಗ ಓದಾಕ ಬಂದಿದ್ರ ನಿನ್ನ ಅಂಗಳದಾಗ ಯಾಕ ನಿಂತಿರತಿದ್ವಿ?" ಎಂದಳು ಮರಿಲಿಂಗಮ್ಮ. ಕೊನೆಗೆ ಅವಳೇ ಇದ್ದಿಲಿನಿಂದ ಗುಂಡಿಯ ಕಟ್ಟೆಗೆ ಸರಿಯಾಗಿ ಡ್ರಮ್ಮಿನ ಮೇಲೆ ಗೆರೆ ಎಳೆದಳು.

ಅಂಬ್ರಪ್ಪ ನಾಲ್ಕು ಚೀಲ ನೀರಲ್ಲಿ ಅದ್ದಿ ತಂದು ಡ್ರಮ್ಮಿನ ತಲೆಗೆ ಹೊದಿಸಿದ. ಚುಸ್ ಎಂದು ಹಬೆ ಎದ್ದಿತು. ಮೇಲೆ ಕೊಡಗಟ್ಟಲೆ ನೀರು ಸುರಿದ. ಒಂದು, ಎರಡು, ಐದು, ಎಂಟು ಕೊಡ. ವಾಲಿಗೆ ಬೀಗ ಇತ್ತು, ಒಲೆ ಎರಡೂ ತಣ್ಣಗಿದ್ದವು. ಎಲ್ಲರ ಕೈಗಳೂ ಎಲ್ಲರ ಕಣ್ಣ ಮುಂದೆ ಇದ್ದವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಯಾರೋ ಕಿಸಕ್ಕೆಂದರು. ಆಮೇಲೆ ಆ ಭಾರಿ ಕಬ್ಬಿಣ, ಊಟ ಮಾಡಿ ಕೂತ ಅಜ್ಜನಂತೆ, ಒಮ್ಮೆ ಗುಡುಕ್ ಎಂದು ಮೆಲ್ಲಗೆ ಕೆಳಗೆ ಕೂರತೊಡಗಿತು. ಮರಿಲಿಂಗಮ್ಮನ ಗೆರೆ ಕಟ್ಟೆಯ ಕೆಳಗೆ ಹೋಯಿತು. ಒಂದಿಂಚು. ಎರಡು. ಸುತ್ತ ನಿಂತ ಮಂದಿಯ ನಡುವೆ ನಾಲ್ಕಿಂಚು ಇಳಿದು ನಿಂತಿತು.

"ಹೇಳ್ರಿ" ಎಂದ ಅಂಬ್ರಪ್ಪ, ಮೈಯೆಲ್ಲ ನೀರು. "ಈಗ ಯಾರು ಕದ್ರು? ನಾನ? ನೀವ?"

"ಅಯ್ಯ ಶಿವನ! ತಣ್ಣೀರು ಕದ್ದೈತಿ" ಎಂದಳು ಮರಿಲಿಂಗಮ್ಮ.

"ಯಾರೂ ಕದ್ದಿಲ್ಲ. ಎಲ್ಲಾ ಒಳಗ ಐತಿ, ಆರಿ ಸಣ್ಣಗಾಗಿ ಕೂತೈತಿ. ನಾಳೆ ಬಿಸಿಲಿಗಿ ಮತ್ತ ಏಳತೈತಿ. ನಮ್ಮ ವೈನಿ ಒಂದು ಇಂಚೂ ತಗೊಂಡಿಲ್ಲ. ನಾ ಅಗಸರ ಮನಿ ಕತ್ತಿ. ಬಾವಿ ಕಟ್ಟಿಗಿ ಹೋಗಿ ಹೇಳ್ರಿ, ಅಂಬ್ರಪ್ಪ ಕತ್ತಿ ಅಂತ."

"ಅದು ನಾವು ನಿನ್ನೇನ ಹೇಳಿ ಮುಗಸೀವಿ" ಎಂದು ಕೊಡದ ಹೆಂಗಸು ಹೇಳಿದಳು. ಅಂಗಳ ಘೊಳ್ಳೆಂದಿತು. ತಾಯಪ್ಪ ನಗಲಿಲ್ಲ, ಆದರೆ ಹೊಸ್ತಿಲು ಇಳಿದು ಬಂದು ಒಂದು ಚೀಲ ಸರಿಯಾಗಿ ಹೊದಿಸಿದ.

ಕೇರಿ ಚದುರಿತು. ಹಿತ್ತಲಿನ ಹೊಗೆ ಮಾತ್ರ ಚದುರಲಿಲ್ಲ. ಅಂಬ್ರಪ್ಪ ಅಲ್ಲಿಗೆ ಹೋದ. ಸುಂದ್ರಮ್ಮ ಮೂರು ಕಲ್ಲಿನ ಮುಂದೆ ಕೂತು ಕೊಳವೆ ಹಿಡಿದು ಊದುತ್ತಿದ್ದಳು. ಕಣ್ಣಿನಿಂದ ನೀರು ಗೆರೆ ಎಳೆದು ಗದ್ದಕ್ಕೆ ಇಳಿದಿತ್ತು. ಅದು ಹೊಗೆಯದೋ ಬೇರೆಯದೋ ಎಂದು ಕೇಳುವ ಮುಖ ಅವನಿಗಿರಲಿಲ್ಲ.

"ವೈನಿ."

"ಕೇಳಿಸ್ತು. ಕಿವಿ ಚೆಂದ ಅದಾವ, ಕಣ್ಣಷ್ಟ ಇಲ್ಲ."

"ತಗೊಂಡೇ ಇಲ್ಲ. ತಗೊಂಡೀನಿ ಅಂತ ಯಾಕ ಒಪ್ಪಿದಿ?"

ಅವಳು ಕಟ್ಟಿಗೆ ಮುರಿದು ಒಳಗೆ ತಳ್ಳಿದಳು. "ನೀ ಹುಟ್ಟು ಹಠಮಾರಿ. ಆರು ವರ್ಷದವ ಇದ್ದಾಗ ಡಬ್ಬ್ಯಾಗಿನ ಬೆಲ್ಲದ ಚೂರು ಎಣಿಸಿ ಇಡತಿದ್ದಿ. ಯಾರರ ಒಬ್ರು ಕಳ್ಳರು ಆಗೂತನಕ ನೀ ಬಿಡೂದಿಲ್ಲ ಅಂತ ಗೊತ್ತಿತ್ತು. ನಿಮ್ಮಣ್ಣ ಆದ್ರ ಗ್ವಾಡಿ ಏಳತಿತ್ತು. ಬಾಲಮ್ಮ ಆದ್ರ ಬಸರಿ ಹುಡುಗಿ ಅಳಕೋತ ತವರಿಗಿ ಹೋಗತಿದ್ಲು. ನಾ ಆದ್ರ ಏನಾಕೈತಿ? ನನ್ನ ತವರಾಗ ಈಗ ಯಾರದಾರ?" ಮತ್ತೆ ಊದಿದಳು. ಆಮೇಲೆ ಮೆಲ್ಲಗೆ, "ಅಲ್ಲದ, ನಾ ಖರೇನ ಬಾಲಮ್ಮ ಅನ್ಕೊಂಡಿದ್ದೆ. ಬಸರಿ ಬಯಕಿ, ರಾತ್ರಿ ಹಸಿವಾಗಿ ತತ್ತಿ ಗಿತ್ತಿ ಹುರಕೊಂಡು ತಿಂತಿದ್ರ ತಿನ್ನಲಿ ಬಿಡು, ಅದರ ಮ್ಯಾಲ ಎಂಥಾ ಪಂಚಾಯ್ತಿ ಅಂತ."

"ನಾನಾ?" ಹಿಂದೆ ಬಂದು ನಿಂತಿದ್ದ ಬಾಲಮ್ಮನ ದನಿ ಏರಿತು. "ದಿನಾ ಹತ್ತಿಂಚಿನ ತತ್ತಿ ತಿಂದೀನಿ ಅನ್ಕೊಂಡ್ಯಾ ಅಕ್ಕಾ? ಕೇರಿ ಕೋಳಿ ಎಲ್ಲಾ ಖಾಲಿ ಆಗತಿದ್ದವಲ್ಲ!"

"ಹೊಟ್ಟಿ ನೋಡು, ಯಾರಿಗಿ ಅನಸಂಗಿಲ್ಲ?"

"ನಾನೂ ನೀ ಅನ್ಕೊಂಡಿದ್ದೆ. ಮೈಕೈ ನೋವು, ಪಾಪ, ನೀರು ಕಾಸಕೊಂಡ್ರ ಕಾಸಕೊಳ್ಳಲಿ, ಇವ್ರಿಗಿ ಹೇಳಬಾರದು ಅಂತ ಬಾಯಿ ಮುಚಗೊಂಡಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಅಂಬ್ರಪ್ಪನನ್ನು ಆ ನಗುವಿಗೆ ಯಾರೂ ಕರೆಯಲಿಲ್ಲ. ಅವನು ಮಣ್ಣಿನಲ್ಲಿ ಕೂತು ಸುಂದ್ರಮ್ಮನ ಕಾಲಿನ ಮೇಲೆ ಕೈ ಇಟ್ಟ.

"ತಪ್ಪಾತು ವೈನಿ. ಒಳಗ ನಡಿ. ಒಲಿ ಹಚ್ಚು."

"ಕಾಲು ಬಿಡು, ಬೂದಿ ಐತಿ." ಅವಳು ನಗು ನಿಲ್ಲಿಸಿದಳು. "ನಾ ಬರಂಗಿಲ್ಲ ಅಂಬ್ರ್ಯಾ. ಸಿಟ್ಟಿಲ್ಲ. ಆದ್ರ ಮನಸು ಒಲ್ಲದು. ಒಲಿ ಹಚ್ಚಿದಾಗೊಮ್ಮಿ ನೀ ಎಲ್ಲಿ ನಿಂತು ನೋಡಾಕತ್ತೀ ಅಂತ ಅನಸತೈತಿ. ಆ ಉರಿಯಾಗ ಮಾಡಿದ್ದು ನನ್ನ ಗಂಟಲಾಗ ಇಳಿಯಂಗಿಲ್ಲ. ಇಲ್ಲೇ ಇರಲಿ ಬಿಡು."

ಅಂಬ್ರಪ್ಪ ಎದ್ದ. ಉಡದಾರದಿಂದ ಕೀಲಿಕೈ ಬಿಚ್ಚಿದ, ಬೀಗ ತೆಗೆದು ಸರಪಳಿ ಸಮೇತ ಎಮ್ಮೆಯ ಗೂಟದ ಕಡೆ ಒಗೆದ. ನೇರವಾಗಿ ವೈನಿಯ ಅಡುಗೆಮನೆಗೆ ನುಗ್ಗಿ ವಾಲು ತಿರುವಿ ಒಲೆ ಹಚ್ಚಿದ. ಹುಟ್ಟಿದಾಗಿನಿಂದ ಅವನು ಒಲೆಯಲ್ಲಿ ಬೀಡಿ ಬಿಟ್ಟು ಬೇರೇನನ್ನೂ ಹಚ್ಚಿದವನಲ್ಲ. ಬಾಣಲೆ ಇಟ್ಟ. ಎಣ್ಣೆ ಸುರಿದ, ಹೆಚ್ಚಾಯಿತು. ಉಳ್ಳಾಗಡ್ಡಿಯನ್ನು ಎಮ್ಮೆಗೆ ಮೇವು ಕೊಯ್ಯುವಂತೆ ಕೊಯ್ದು ಹಾಕಿದ.

"ಏನು ಮಾಡಾಕತ್ತಾನ ಅಂವ?" ಹಿತ್ತಲಿನಿಂದ ಸುಂದ್ರಮ್ಮ ಕೇಳಿದಳು.

ಬಾಲಮ್ಮ ಬಾಗಿಲಿಂದ ಇಣುಕಿ ವರದಿ ಕೊಟ್ಟಳು. "ಜುಣಕ ಮಾಡಾಕತ್ತಾರಕ್ಕ. ನಿನಗಂತ."

"ಜುಣಕ? ಅಂವ?"

"ಸಾಸಿವಿ ಹಾಕಿಲ್ಲ. ಕಡ್ಲಿಹಿಟ್ಟು ಡಬ್ಬಿಗಟ್ಲೆ ಸುರುವ್ಯಾರ."

"ನೀರು?"

"ನೀರು ಈಗ ಹುಡುಕಾಕತ್ತಾರ."

ಬಾಣಲೆಯಲ್ಲಿ ಹಿಟ್ಟು ಗಂಟುಗಂಟಾಗಿ, ಕಾಲುವೆಯ ಹೂಳಿನಂತೆ ತಳ ಹಿಡಿಯಿತು. ಸೀದ ವಾಸನೆ ಅಂಗಳ ದಾಟಿತು. ಅಂಬ್ರಪ್ಪ ಎರಡೂ ಕೈಯಿಂದ ಸೌಟು ಹಿಡಿದು ತಿಕ್ಕುತ್ತಿದ್ದ. ಮುಖದ ತುಂಬ ಹಿಟ್ಟು, ಹಿಟ್ಟಿನ ಮೇಲೆ ಬೆವರು. ಗಂಟು ಒಡೆದಷ್ಟೂ ಮರಿ ಹಾಕುತ್ತಿದ್ದವು. ನೀಲಿ ಉರಿ 'ಭಸ್' ಎನ್ನುತ್ತ ಉರಿಯುತ್ತಿತ್ತು, ಹೊರಗೆ ಹೊತ್ತು ಇಳಿಯುತ್ತಿತ್ತು, ಡ್ರಮ್ಮು ಎಷ್ಟು ಇಂಚು ಇಳಿಯಿತು ಎಂದು ತಿರುಗಿ ನೋಡಲು ಅವನಿಗೆ ಪುರುಸೊತ್ತಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಸುಂದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಬಾಣಲೆಯನ್ನು ನೋಡಿದಳು. ಅವಳ ಮುಖ ಹೆಣ ನೋಡಿದವಳ ಮುಖವಾಯಿತು.

"ಅರ್ಧ ಸೇರು ಹಿಟ್ಟು" ಎಂದಳು. "ಅರ್ಧ ಸೇರು ಹಿಟ್ಟು ಕೊಂದೆಲ್ಲೋ ಭಾಡ್ಯಾ."

"ಆಕೈತಿ ವೈನಿ, ಇನ್ನ ಜರಾ ಕುದ್ರ…"

"ಸರಿ ಆ ಕಡಿ."

"ನೀ ಕೂಡು, ನಾ…"

"ಸರಿ ಅಂದೆ!" ಮೊಣಕೈಯಿಂದ ಅವನನ್ನು ಗೋಡೆಗೆ ತಳ್ಳಿ ಸೌಟು ಕಸಿದುಕೊಂಡಳು. ಉರಿಯನ್ನು ಅರ್ಧ ಇಳಿಸಿದಳು. "ಬಾಲಮ್ಮ, ಚೊಂಬು ನೀರು ತಾ. ಉಪ್ಪಿನ ಗಡಿಗಿ ಎಲ್ಲಿ ಇಟ್ಟಾನ ನೋಡು ಈ ಕತ್ತಿ."

ಅಂಬ್ರಪ್ಪ ಗೋಡೆಗೆ ಒರಗಿ ನಿಂತ. ವೈನಿಯ ಕೈ ಗಂಟುಗಳನ್ನು ಒಂದೊಂದಾಗಿ ಹುಡುಕಿ ಒಡೆಯುತ್ತಿತ್ತು.

"ನಿಂತು ಏನು ನೋಡತಿ?" ಅವಳು ತಿರುಗದೆ ಗದರಿದಳು. "ಹಿತ್ತಲಾಗ ಕಟ್ಟಿಗಿ ಉರಿಯಾಕತ್ತೈತಿ, ಹೋಗಿ ನೀರು ಹಾಕು. ನಿಮ್ಮಣ್ಣನ್ನ ಊಟಕ್ಕ ಕರಿ."